ಲೆಕ್ಕ ಬಿಟ್ಟು ಇಪ್ಪತ್ತು ವರ್ಷ ಆದವರಿಗೆ: ಗಣಿತವನ್ನು ಮತ್ತೆ ಕೈಗೆತ್ತಿಕೊಳ್ಳುವ ಬಗೆ

"ಸಾರ್, ನಂಗೆ ಗಣಿತ ಅಂದ್ರೆ ಮೊದಲಿಂದಲೂ ಆಗಲ್ಲ. ಆದ್ರೆ ಈಗ ಸ್ವಲ್ಪ ತಿಳ್ಕೋಬೇಕು ಅನ್ಸುತ್ತೆ. ಎಲ್ಲಿಂದ ಶುರು ಮಾಡ್ಲಿ?"

ಈ ಪ್ರಶ್ನೆ ತಿಂಗಳಿಗೆ ನಾಲ್ಕೈದು ಸಲವಾದರೂ ಬರುತ್ತದೆ. ಕೇಳುವವರಲ್ಲಿ ಏಳನೇ ಕ್ಲಾಸಿನ ಮಗಳಿಗೆ ಹೇಳಿಕೊಡಲು ಹೋಗಿ ಸಿಕ್ಕಿಹಾಕಿಕೊಂಡ ಅಪ್ಪ ಇರುತ್ತಾರೆ. ರಿಟೈರಾಗಿ ಜಯನಗರದ ಪಾರ್ಕಿನಲ್ಲಿ ವಾಕಿಂಗ್ ಮಾಡುವವರೂ ಇರುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಲೆಕ್ಕದ ಪುಸ್ತಕವನ್ನು ರದ್ದಿಗೆ ಹಾಕಿದವರಂತೂ ಜಾಸ್ತಿ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ಪರೀಕ್ಷೆಗೆ ಓದುವವರಿಗೆ ಅಲ್ಲ. ಮಾರ್ಕ್ಸ್ ತೆಗೆಯುವ ಉಪಾಯವೂ ಇದರಲ್ಲಿಲ್ಲ.

ಶಾಲೆಯಲ್ಲಿ ನಾವು ಲೆಕ್ಕ ಮಾಡುತ್ತಿದ್ದದ್ದು ಹೇಗೆ? ಉತ್ತರ ಬಂತು, ಅದರ ಕೆಳಗೆ ಎರಡು ಗೆರೆ ಎಳೆದೆವು, ಮುಂದಿನ ಲೆಕ್ಕಕ್ಕೆ ಹೋದೆವು. ಆ ಎರಡು ಗೆರೆಯೇ ನಮ್ಮಲ್ಲಿ ಬಹಳ ಜನರನ್ನು ಗಣಿತದಿಂದ ಓಡಿಸಿದ್ದು ಅಂತ ನನ್ನ ಅನಿಸಿಕೆ. ಉತ್ತರ ಬಂದ ಮೇಲೆ "ಯಾಕೆ ಹೀಗೆ ಬಂತು? ಯಾವಾಗಲೂ ಹೀಗೇ ಬರುತ್ತಾ?" ಅಂತ ಕೇಳಿದಾಗ ತಾನೇ ರುಚಿ ಹತ್ತುವುದು? ಅಷ್ಟರಲ್ಲಿ ನಾವು ಗೆರೆ ಎಳೆದು ಎದ್ದಾಗಿರುತ್ತಿತ್ತು. ಹಾಗಾಗಿ ಈ ಲೇಖನಕ್ಕೆಲ್ಲ ಒಂದೇ ನಿಯಮ: ಉತ್ತರದ ಕೆಳಗೆ ಎರಡು ಗೆರೆ ಎಳೆಯಬೇಡಿ. ಅಲ್ಲಿ ಒಂದು ಪ್ರಶ್ನೆ ಬರೆಯಿರಿ.

ಬೇಕಾಗುವ ಸಾಮಾನು

ಚೌಕಳಿ ಗೆರೆಯ ಒಂದು ಲೆಕ್ಕದ ನೋಟ್‌ಬುಕ್. ಪೆನ್ಸಿಲ್, ಸ್ಕೇಲು, ಎರಡು ಬಣ್ಣದ ಪೆನ್ನು. ಒಂದು ಹಿಡಿ ಹುಣಸೆಬೀಜ ಅಥವಾ ಕಡಲೆಬೀಜ. ನಾಲ್ಕು ಕವಡೆ (ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ). ಮನೆಯಲ್ಲಿ ಅಕ್ಕಿ ಅಳೆಯುವ ಪಾವು ಇದ್ದರೆ ಅದೂ ಇರಲಿ. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಸಾಕು.

ಮಗ್ಗಿ ಬಾಯಿಪಾಠ ಬರಬೇಕಾಗಿಲ್ಲ, ಕ್ಯಾಲ್ಕುಲೇಟರ್ ಬಳಸಿದರೆ ಪಾಪವಿಲ್ಲ. ಕನ್ನಡ ಮಾಧ್ಯಮದ 6, 7, 8ನೇ ತರಗತಿಯ ಗಣಿತ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಇಳಿಸಿಟ್ಟುಕೊಳ್ಳಿ. ಆದರೆ ಮೊದಲ ಪುಟದಿಂದ ಓದಲು ಹೋಗಬೇಡಿ, ಮೂರನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಯಾವುದಾದರೂ ಪದ ಮರೆತಾಗ ತೆರೆದು ನೋಡಲು ಅವು ಇರಲಿ, ನಿಘಂಟಿನ ಹಾಗೆ.

1. ಅಂದಾಜಿನಿಂದ ಶುರು ಮಾಡಿ

ಲೆಕ್ಕ ಮಾಡುವ ಮೊದಲು ಉತ್ತರ ಸುಮಾರು ಎಷ್ಟಿರಬಹುದು ಅಂತ ಬರೆಯಿರಿ. ತಪ್ಪಾದರೆ ಅಳಿಸಬೇಡಿ. ಎಲ್ಲಿ ತಪ್ಪಿತು ಅಂತ ಗೊತ್ತಾಗಲು ಅದು ಅಲ್ಲೇ ಇರಬೇಕು.

ಆಟೋ ಬಾಡಿಗೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೀಟರ್ ದರ ಹೀಗಿದೆ: ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಮೀಟರ್ ಹಾಕುವ ಆಟೋ ಸಿಕ್ಕಾಗ ನೋಡೋಣ ಅಂತ ನೀವು ನಗುತ್ತಿದ್ದೀರಿ, ಗೊತ್ತು. ಲೆಕ್ಕಕ್ಕಾದರೂ ಸಿಕ್ಕಿದೆ ಅಂದುಕೊಳ್ಳಿ.

9 ಕಿಲೋಮೀಟರಿಗೆ ಎಷ್ಟು? ಮೊದಲ ಎರಡಕ್ಕೆ 36. ಉಳಿದ ಏಳಕ್ಕೆ 7 × 18 = 126. ಒಟ್ಟು 162. ಇಲ್ಲಿ ಎರಡು ಗೆರೆ ಎಳೆಯದೆ ಒಂದು ನಿಮಿಷ ನೋಡಿ. 36 ಅಂದರೆ ಎರಡು ಹದಿನೆಂಟು, ಅಲ್ವಾ? ಅಂದರೆ ಮೊದಲ ಎರಡು ಕಿಲೋಮೀಟರಿಗೂ ಅದೇ ದರ. 2 ಕಿಲೋಮೀಟರ್ ದಾಟಿದ ಮೇಲೆ ಬಾಡಿಗೆ ಅಂದರೆ ದೂರವನ್ನು 18ರಿಂದ ಗುಣಿಸಿದ್ದು, ಅಷ್ಟೇ. 18ರಿಂದ ಗುಣಿಸುವುದು ಕಷ್ಟ ಅನ್ನಿಸಿದರೆ 20ರಿಂದ ಗುಣಿಸಿ, ದೂರದ ಎರಡರಷ್ಟು ಕಳೆಯಿರಿ: 180ರಲ್ಲಿ 18 ಹೋದರೆ 162. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. 162, ಅದರರ್ಧ 81, ಒಟ್ಟು 243.

ಈಗ ಚೌಕಳಿ ಹಾಳೆಯಲ್ಲಿ ಅಡ್ಡಕ್ಕೆ ದೂರ, ಉದ್ದಕ್ಕೆ ಬಾಡಿಗೆ ಇಟ್ಟು ಚುಕ್ಕಿ ಹಾಕಿ. 2 ಕಿಲೋಮೀಟರಿನವರೆಗೆ ಗೆರೆ ಮಲಗಿರುತ್ತದೆ. ಆಮೇಲೆ ಏಣಿಯ ಹಾಗೆ ಓರೆಯಾಗಿ ಏರುತ್ತದೆ. ಆ ಓರೆ ಗೆರೆಗೆ ಸ್ಕೇಲು ಇಟ್ಟು ಹಿಂದಕ್ಕೆ ಎಳೆದು ನೋಡಿ, ನೇರ ಸೊನ್ನೆಯ ಮೂಲೆಗೇ ಹೋಗಿ ಮುಟ್ಟುತ್ತದೆ. ಶಾಲೆಯಲ್ಲಿ "ರೇಖಾತ್ಮಕ ಸಮೀಕರಣದ ನಕ್ಷೆ" ಅಂತ ಹೆದರಿಸಿದ್ದು ಇದನ್ನೇ. ಸಮೀಕರಣ ಅಂದರೆ ಎರಡು ಕಡೆ ತೂಗಿದರೂ ಸಮ ಅಂತ ಹೇಳುವ ಒಂದು ವಾಕ್ಯ, ಅಷ್ಟೇ.

2. ಭಿನ್ನರಾಶಿಯನ್ನು ಅಡುಗೆಮನೆಗೆ ತನ್ನಿ

ಬಹಳ ಜನ ಗಣಿತದ ಕೈ ಬಿಟ್ಟದ್ದು ಇಲ್ಲೇ. "ಗುಣಿಸಿದರೆ ಜಾಸ್ತಿ ಆಗಬೇಕು, ಕಡಿಮೆ ಯಾಕೆ ಆಗುತ್ತೆ?" ಅಂತ ಕೇಳಿದ ಮಗುವಿಗೆ "ಹಾಗೇ ಅದು, ಬರ್ಕೋ" ಅಂದರು. ನನಗೂ ಹಾಗೇ ಅಂದಿದ್ದರು.

ಕನ್ನಡದಲ್ಲಿ ಇದು ಸುಲಭ, ಯಾಕೆಂದರೆ ನಮ್ಮ ಹಳೆಯ ಅಳತೆಗಳೇ ಭಿನ್ನರಾಶಿಗಳು. ಒಂದು ಸೇರಿಗೆ ನಾಲ್ಕು ಪಾವು. ಪಾವು ಅಂದರೆ ಕಾಲು ಸೇರು. ಅದರರ್ಧ ಅರೆಪಾವು. ಪಾವಿನಲ್ಲಿ ನಾಲ್ಕನೇ ಒಂದು ಪಾಲು ಚಟಾಕು, ಅಂದರೆ ಸೇರಿಗೆ 16 ಚಟಾಕು.

ಈಗ 1/2 × 1/4 ಅಂತ ಬರೆದದ್ದನ್ನು "ಕಾಲು ಸೇರಿನ ಅರ್ಧ" ಅಂತ ಓದಿ. ಅರೆಪಾವು ತಾನೇ? ಸೇರಿಗೆ ಎಂಟು ಅರೆಪಾವು. ಹಾಗಾಗಿ ಉತ್ತರ 1/8. ಗುಣಿಸುವ ಗುರುತು ಕಂಡಲ್ಲೆಲ್ಲ ಷಷ್ಠಿ ವಿಭಕ್ತಿ ಹಾಕಿ ಓದಿದರೆ, "ಇದರ ಇಷ್ಟು" ಅಂತ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಭಾಗಿಸುವುದೂ ಹಾಗೆಯೇ. 1 ÷ 1/4 ಅಂದರೆ "ಒಂದು ಸೇರಿನಲ್ಲಿ ಎಷ್ಟು ಪಾವು ಇವೆ?" ನಾಲ್ಕು. 3 ÷ 1/8 ಅಂದರೆ ಮೂರು ಸೇರಿನಲ್ಲಿ ಎಷ್ಟು ಅರೆಪಾವು? 24. "ತಲೆಕೆಳಗು ಮಾಡಿ ಗುಣಿಸು" ಅನ್ನುವ ಸೂತ್ರ ಆಕಾಶದಿಂದ ಬಿದ್ದದ್ದಲ್ಲ. ಒಂದು ಸೇರಿಗೆ ಎಂಟು, ಮೂರಕ್ಕೆ ಮೂರೆಂಟಲ. ಪಾವು ತೆಗೆದುಕೊಂಡು ನಿಜವಾಗಿಯೂ ಅಕ್ಕಿ ಅಳೆಯಿರಿ. ನಾಚಿಕೆ ಬೇಡ.

ಪರ್ಸೆಂಟ್ ಬಗ್ಗೆ ಒಂದೇ ಮಾತು. ಅದು "ನೂರಕ್ಕೆ ಇಷ್ಟು". ಯಾವ ನೂರಕ್ಕೆ ಅಂತ ಪ್ರತಿ ಸಲ ಕೇಳಿಕೊಳ್ಳಿ. 1000 ರೂಪಾಯಿಯ ಸೀರೆಗೆ 20 ಪರ್ಸೆಂಟ್ ಏರಿಸಿ, ಆಮೇಲೆ 20 ಪರ್ಸೆಂಟ್ ರಿಯಾಯಿತಿ ಕೊಟ್ಟರೆ ಮತ್ತೆ 1000 ಆಗುವುದಿಲ್ಲ, 960 ಆಗುತ್ತದೆ. ಏರಿಸಿದ್ದು ಸಾವಿರದ ಮೇಲೆ, ಇಳಿಸಿದ್ದು 1200ರ ಮೇಲೆ.

3. ಒಂದು ಚುಕ್ಕಿ ರಂಗೋಲಿ ಹಾಕಿ

ಈ ಹೆಜ್ಜೆಗೆ ಎರಡು ವಾರ ಇಡಿ. ನನಗೆ ಇಷ್ಟವಾದದ್ದು ಇದೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಚೌಕಳಿ ಹಾಳೆಯಲ್ಲಿ ಮೊದಲ ಸಾಲಿಗೆ ಒಂದು ಚುಕ್ಕಿ. ಅದರ ಕೆಳಗೆ ಮೂರು, ಆಮೇಲೆ ಐದು, ಆಮೇಲೆ ಏಳು. ಮತ್ತೆ ಐದು, ಮೂರು, ಒಂದು. ಅಮ್ಮ ಬಾಗಿಲ ಮುಂದೆ ಇಡುತ್ತಿದ್ದ ಚುಕ್ಕಿಗಳೇ ಇವು. ಒಟ್ಟು ಎಷ್ಟು? ಮೊದಲು ಅಂದಾಜು ಬರೆಯಿರಿ, ಆಮೇಲೆ ಎಣಿಸಿ.

25. ಐದೈದಲ ಇಪ್ಪತ್ತೈದು. ಇಲ್ಲಿಯವರೆಗೆ ಬರೀ ಎಣಿಕೆ. ಈಗ ಯಾಕೆ ಅಂತ ನೋಡೋಣ.

ಮೇಲಿನ ನಾಲ್ಕು ಸಾಲು ಮಾತ್ರ ಕೂಡಿ: 1 + 3 + 5 + 7 = 16. ಅಂದರೆ 4 × 4. ಇನ್ನೊಂದು ಸಾಲು ಕಡಿಮೆ ಮಾಡಿದರೆ 1 + 3 + 5 = 9, ಅಂದರೆ 3 × 3. ಬೆಸಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡಿದರೆ ಯಾವಾಗಲೂ ವರ್ಗ ಬರುತ್ತದೆ. ವರ್ಗ ಅಂದರೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು. ಚುಕ್ಕಿ ಇಟ್ಟರೆ ಚಚ್ಚೌಕ ಆಗುವಂಥದ್ದು, ಅದಕ್ಕೇ ಆ ಹೆಸರು.

ಯಾಕೆ ಹೀಗೆ? ಒಂದು ಹುಣಸೆಬೀಜ ಇಡಿ. ಅದರ ಬಲಕ್ಕೆ ಒಂದು, ಕೆಳಕ್ಕೆ ಒಂದು, ಮೂಲೆಗೆ ಒಂದು ಇಟ್ಟರೆ ಮೂರು ಬೀಜ ಸೇರಿ 2 × 2 ಚೌಕ ಆಯಿತು. ಈ ಚೌಕಕ್ಕೆ ಮತ್ತೆ ಬಲಕ್ಕೆ ಎರಡು, ಕೆಳಕ್ಕೆ ಎರಡು, ಮೂಲೆಗೆ ಒಂದು, ಒಟ್ಟು ಐದು. ಈಗ 3 × 3. ಪ್ರತಿ ಸಲ ಗಾರೆ ಕೆಲಸದವರ ಮೂಲೆಮಟ್ಟದ ಆಕಾರದಲ್ಲಿ ಒಂದು ಪದರ ಸುತ್ತುತ್ತಿದ್ದೀರಿ. ಹಿಂದಿನ ಪದರಕ್ಕಿಂತ ಬಲಕ್ಕೊಂದು, ಕೆಳಕ್ಕೊಂದು ಜಾಸ್ತಿ. ಹಾಗಾಗಿ ಪದರಗಳು 1, 3, 5, 7 ಅಂತ ಎರಡೆರಡಾಗಿ ಬೆಳೆಯುತ್ತವೆ. ಇದು ನೂರು ಬೀಜಕ್ಕೂ ನಿಲ್ಲುವುದಿಲ್ಲ, ಸಾವಿರಕ್ಕೂ ನಿಲ್ಲುವುದಿಲ್ಲ. ಹೀಗೆ ಎಲ್ಲ ಕಾಲಕ್ಕೂ ಅನ್ವಯಿಸುವ ಕಾರಣ ಕೊಡುವುದಕ್ಕೆ ಸಾಧನೆ ಅನ್ನುತ್ತಾರೆ. ನೀವು ಈಗ ತಾನೇ ಒಂದು ಸಾಧನೆ ಮಾಡಿದಿರಿ.

ಮತ್ತೆ ರಂಗೋಲಿಗೆ ಬನ್ನಿ. ಕೆಂಪು, ನೀಲಿ ಎರಡು ಪೆನ್ನು ತೆಗೆದುಕೊಳ್ಳಿ. ಪ್ರತಿ ಸಾಲಿನಲ್ಲೂ ಕೆಂಪಿನಿಂದ ಶುರು ಮಾಡಿ, ಒಂದು ಬಿಟ್ಟು ಒಂದು ಬಣ್ಣ ಹಾಕಿ. ಏಳರ ಸಾಲಿನಲ್ಲಿ ನಾಲ್ಕು ಕೆಂಪು, ಮೂರು ನೀಲಿ ಬರುತ್ತವೆ. ಮುಗಿದ ಮೇಲೆ ಪುಸ್ತಕವನ್ನು ಓರೆಯಾಗಿ ತಿರುಗಿಸಿ ನೋಡಿ. ಕೆಂಪು ಚುಕ್ಕಿಗಳು ನಾಲ್ಕು ಸಾಲು ನಾಲ್ಕು ಕಂಬದ ಅಚ್ಚುಕಟ್ಟಾದ ಚೌಕ. ಅವುಗಳ ಸಂದಿನಲ್ಲಿ ನೀಲಿ ಚುಕ್ಕಿಗಳು ಮೂರು ಮೂರರ ಚೌಕ. 16 ಮತ್ತು 9. ಇಷ್ಟು ವರ್ಷ ಒಂದು ರಂಗೋಲಿ ಅಂದುಕೊಂಡದ್ದು ಎರಡು ಚೌಕ ಹೆಣೆದದ್ದು!

ಎಚ್ಚರಿಕೆ: ಇದನ್ನು ಓದಿ "ಹೌದು ಹೌದು" ಅಂತ ಮುಂದೆ ಹೋಗಬೇಡಿ. ಚುಕ್ಕಿ ಹಾಕದೆ ಓದಿದರೆ ಇದು ಟೀವಿಯಲ್ಲಿ ಅಡುಗೆ ನೋಡಿ ಎದ್ದ ಹಾಗೆ, ಹೊಟ್ಟೆ ಖಾಲಿಯೇ ಇರುತ್ತದೆ.

4. ರಂಗೋಲಿಯಿಂದ 30-40 ಸೈಟಿಗೆ

ಬೆಂಗಳೂರಿನವರಿಗೆ 30-40 ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. 1200 ಚದರಡಿಯ ಸೈಟು. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ ಎಷ್ಟು ಬರುತ್ತದೆ? ಅಂದಾಜು ಬರೆಯಿರಿ.

ಸರಿಯಾಗಿ 50 ಅಡಿ. ಈ ಓರೆ ಗೆರೆಗೆ ಕರ್ಣ ಅನ್ನುತ್ತಾರೆ. 30ರ ವರ್ಗ 900, 40ರ ವರ್ಗ 1600, ಕೂಡಿದರೆ 2500, ಅದು 50ರ ವರ್ಗ. ಸೊನ್ನೆ ತೆಗೆದರೆ 9 + 16 = 25. ಎಲ್ಲೋ ನೋಡಿದ ಹಾಗಿದೆ ಅಲ್ವಾ? ಹಿಂದಿನ ಪುಟ ತಿರುಗಿಸಿ, ಅದೇ ರಂಗೋಲಿ.

ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ ಚೌಕಳಿ ಹಾಳೆ ಸಾಕು. 7 × 7 ಮನೆಗಳ ಒಂದು ಚೌಕ ಬರೆಯಿರಿ. ಮೇಲಿನ ಎಡ ಮೂಲೆಯಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಾ, ಪ್ರತಿ ಬದಿಯಲ್ಲೂ ಮೂರು ಮನೆ ಆದಮೇಲೆ ಒಂದು ಗುರುತು ಹಾಕಿ. ನಾಲ್ಕು ಗುರುತನ್ನೂ ಸೇರಿಸಿ. ಒಳಗೆ ಒಂದು ಓರೆ ಚೌಕ, ನಾಲ್ಕು ಮೂಲೆಯಲ್ಲಿ ನಾಲ್ಕು ತ್ರಿಕೋನ ಬಂದವು. ಪ್ರತಿ ತ್ರಿಕೋನಕ್ಕೂ ಬದಿ 3 ಮತ್ತು 4. ಅದು 3 × 4 ಆಯತದ ಅರ್ಧ, ಅಂದರೆ 6 ಮನೆ. ನಾಲ್ಕಕ್ಕೆ 24. ಒಟ್ಟು 49ರಲ್ಲಿ 24 ಹೋದರೆ ಒಳಗಿನ ಓರೆ ಚೌಕಕ್ಕೆ 25 ಉಳಿಯಿತು. 25 ಮನೆಯ ಚೌಕದ ಬದಿ 5 ಇರಲೇಬೇಕು. ಪೈಥಾಗೊರಸ್ ಪ್ರಮೇಯ ಅಂತ ಉರು ಹೊಡೆದದ್ದು ಇದೇ. ಪ್ರಮೇಯ ಅಂದರೆ ಸಾಧಿಸಿ ತೋರಿಸಿದ ಮಾತು.

ಮನೆ ಕಟ್ಟುವಾಗ ಮೇಸ್ತ್ರಿ ದಾರ ಹಿಡಿಸುವುದನ್ನು ನೋಡಿ. ಮೂಲೆಯಿಂದ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು. ನಡುವೆ ಸರಿಯಾಗಿ ಐದಡಿ ಬಂದರೆ ಮೂಲೆ ಮಟ್ಟಸವಾಗಿದೆ, ಅಂದರೆ ಲಂಬಕೋನ.

ನಿಮಗೂ ಇದು ಉಪಯೋಗಕ್ಕೆ ಬರುತ್ತದೆ. ಸೈಟು ನೋಡಲು ಹೋದಾಗ ನಾಲ್ಕು ಬದಿ ಮಾತ್ರ ಅಳೆಯಬೇಡಿ. 30, 40, 30, 40 ಅಂತ ನಾಲ್ಕೂ ಸರಿಯಿದ್ದೂ ಸೈಟು ಓರೆಯಾಗಿರಬಹುದು. ಆಗ ಅದು 1200 ಚದರಡಿ ಇರುವುದಿಲ್ಲ, ಕಡಿಮೆ ಇರುತ್ತದೆ. ಎರಡೂ ಕರ್ಣ ಅಳೆಯಿರಿ. ಎರಡೂ 50 ಬಂದರೆ ಸರಿ. ಒಂದು 50ಕ್ಕಿಂತ ಜಾಸ್ತಿ, ಇನ್ನೊಂದು ಕಡಿಮೆ ಬಂದರೆ ಸೈಟು ವಾಲಿದೆ.

ಇಲ್ಲಿ ಜನ ಎಡವುವ ಇನ್ನೊಂದು ಕಡೆ: ಉದ್ದ, ಅಗಲ ಎರಡನ್ನೂ ಎರಡು ಪಟ್ಟು ಮಾಡಿದರೆ ಜಾಗ ಎರಡು ಪಟ್ಟು ಆಗುತ್ತೆ ಅಂದುಕೊಳ್ಳುವುದು. 60-80 ಅಂದರೆ 4800 ಚದರಡಿ, ನಾಲ್ಕು ಪಟ್ಟು.

ಹಟ ಇದ್ದವರಿಗೆ ಒಂದು ಪ್ರಶ್ನೆ. ನಮ್ಮ ರಂಗೋಲಿಯ ಒಟ್ಟು ಚುಕ್ಕಿ 25, ಅದು ತಾನೂ ಒಂದು ವರ್ಗ. ನಡುಸಾಲಿಗೆ 5 ಚುಕ್ಕಿ ಇಟ್ಟರೆ 13, 9 ಇಟ್ಟರೆ 41. ಎರಡೂ ವರ್ಗ ಅಲ್ಲ. ಮುಂದೆ ಯಾವಾಗ ಮತ್ತೆ ವರ್ಗ ಸಿಗುತ್ತದೆ? ನಡುಸಾಲಿಗೆ 41 ಚುಕ್ಕಿ ಇಟ್ಟಾಗ. ಒಟ್ಟು 841, ಅಂದರೆ 29 × 29. ಒಳಗೆ ಹೆಣೆದಿರುವ ಚೌಕಗಳು 21 ಮತ್ತು 20ರವು. ಕ್ಯಾಲ್ಕುಲೇಟರ್ ಹಿಡಿದು ಪರೀಕ್ಷಿಸಿ.

5. ಎಕ್ಸ್ ಅಂದರೆ ಮುಚ್ಚಿದ ಡಬ್ಬಿ

ಬೀಜಗಣಿತ ಅಂದರೆ ಸಂಖ್ಯೆಯ ಬದಲು ಅಕ್ಷರ ಹಾಕಿ ಮಾಡುವ ಲೆಕ್ಕ. ಅಕ್ಷರ ಕಂಡರೆ ಎದೆ ಡವಗುಟ್ಟುವವರಿಗೆ ಒಂದು ಉಪಾಯ ಇದೆ. ಎಕ್ಸ್ ಅನ್ನುವ ಕಡೆಯಲ್ಲೆಲ್ಲ ಮುಚ್ಚಿದ ಸ್ಟೀಲ್ ಡಬ್ಬಿ ಬರೆಯಿರಿ. ಒಳಗೆ ಕಡಲೆಬೀಜ ಇದೆ, ಎಷ್ಟು ಅಂತ ಗೊತ್ತಿಲ್ಲ, ಅಷ್ಟೇ.

ಹಳೆಯ ಆಟ ನೆನಪಿದೆಯಾ? ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೋ. ಎರಡು ಪಟ್ಟು ಮಾಡು. ಹತ್ತು ಕೂಡು. ಅರ್ಧ ಮಾಡು. ಮೊದಲು ಇಟ್ಟುಕೊಂಡದ್ದನ್ನು ಕಳೆ. ಉತ್ತರ ಐದು! ಡಬ್ಬಿಯಲ್ಲಿ ನೋಡಿ: ಒಂದು ಡಬ್ಬಿ. ಎರಡು ಡಬ್ಬಿ. ಎರಡು ಡಬ್ಬಿ, ಹತ್ತು ಬೀಜ. ಒಂದು ಡಬ್ಬಿ, ಐದು ಬೀಜ. ಡಬ್ಬಿ ತೆಗೆದರೆ ಐದು ಬೀಜ. ಒಳಗೆ ಎಷ್ಟಿತ್ತು ಅಂತ ನಮಗೆ ಬೇಕಾಗಲೇ ಇಲ್ಲ. ಹತ್ತರ ಬದಲು ಹದಿನಾಲ್ಕು ಕೂಡಿಸಿದರೆ ಉತ್ತರ ಎಷ್ಟು ಅಂತ ಈಗ ನೀವೇ ಹೇಳುತ್ತೀರಿ.

ಇದಕ್ಕಿಂತ ಮುಂದೆ ಸದ್ಯಕ್ಕೆ ಹೋಗಬೇಡಿ.

6. ಚೌಕಾಬಾರದ ಕವಡೆ ಬಿಡಿ

ನಾಲ್ಕು ಕವಡೆ ಬಿಟ್ಟಾಗ ಬಾಯಿ ಮೇಲಾಗಿ ಬಿದ್ದವು ಎಷ್ಟೋ ಅಷ್ಟು ಮನೆ. ನಾಲ್ಕೂ ಬಾಯಿ ಮೇಲಾದರೆ ಚೌಕ, 4. ನಾಲ್ಕೂ ಬೋರಲು ಬಿದ್ದರೆ ಬಾರ, 8.

ಒಂದೊಂದು ಕವಡೆಗೂ ಎರಡು ದಾರಿ, ಮೇಲೆ ಅಥವಾ ಬೋರಲು. ನಾಲ್ಕು ಕವಡೆಗೆ 2 × 2 × 2 × 2 = 16 ದಾರಿ. ಹದಿನಾರನ್ನೂ ಬರೆದು ನೋಡಿ. 1 ಬೀಳುವುದು 4 ದಾರಿಯಲ್ಲಿ, 2 ಬೀಳುವುದು 6 ದಾರಿಯಲ್ಲಿ, 3 ಬೀಳುವುದು 4ರಲ್ಲಿ. ಚೌಕಕ್ಕೆ ಒಂದೇ ದಾರಿ, ಬಾರಕ್ಕೂ ಒಂದೇ. ಎರಡೇ ಯಾಕೆ ಪದೇ ಪದೇ ಬೀಳುತ್ತೆ ಅಂತ ಬೈದುಕೊಂಡಿದ್ದಿರಲ್ಲ, ಕಾರಣ ಇದೇ. ಹದಿನಾರರಲ್ಲಿ ಆರು ಅನ್ನುವ ಈ ಪಾಲಿಗೆ ಸಂಭವನೀಯತೆ ಅಂತ ಹೆಸರು.

ನಾಲ್ಕರಲ್ಲಿ ಎರಡನ್ನು ಆರಿಸಲು ಆರು ದಾರಿ ಅನ್ನುವುದನ್ನು ಬರೆದು ಎಣಿಸದೆಯೂ ಹೇಳಬಹುದು: 4 × 3ನ್ನು 1 × 2ರಿಂದ ಭಾಗಿಸಿ. ಹೀಗೆ ಎಷ್ಟರಲ್ಲಿ ಎಷ್ಟನ್ನಾದರೂ ಆರಿಸುವ ಸೂತ್ರವನ್ನು ಕ್ರಿ.ಶ. 850ರ ಸುಮಾರಿಗೇ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹ ಅನ್ನುವ ಗ್ರಂಥದಲ್ಲಿ ಕೊಟ್ಟಿದ್ದಾರೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು. ಸಂಖ್ಯೆಗಳನ್ನು ಹಾರದ ಹಾಗೆ ಪೋಣಿಸುವುದು ಅವರಿಗೆ ಇಷ್ಟವಿದ್ದಂತೆ ಕಾಣುತ್ತದೆ. 152207ನ್ನು 73ರಿಂದ ಗುಣಿಸಿ ನೋಡಿ. ಉತ್ತರ ನಾನು ಹೇಳುವುದಿಲ್ಲ.

ಈಗ ನಿಜವಾದ ಕೆಲಸ. ಕವಡೆಯನ್ನು ನೂರು ಸಲ ಬಿಟ್ಟು ಗೀಟು ಹಾಕಿ. ಮೇಲಿನ ಲೆಕ್ಕದ ಪ್ರಕಾರ ಬಾರ ಸುಮಾರು ಆರು ಸಲ ಬೀಳಬೇಕು. ನಿಮ್ಮ ಕವಡೆಗೆ ಹಾಗೆ ಬೀಳದಿರಬಹುದು. ಯಾಕೆಂದರೆ ನಾವು "ಎರಡು ದಾರಿಯೂ ಸಮ" ಅಂತ ಸುಮ್ನೆ ಒಪ್ಪಿಕೊಂಡೆವು. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ನಾಣ್ಯದ ಹಾಗೆ ಅದು ಎರಡೂ ಕಡೆ ಒಂದೇ ಥರ ಅಲ್ಲ. ಲೆಕ್ಕ ಸರಿ, ಒಪ್ಪಿಕೊಂಡ ಮಾತು ತಪ್ಪು. ಈ ವ್ಯತ್ಯಾಸ ಗೊತ್ತಾದರೆ ಪೇಪರಿನಲ್ಲಿ ಬರುವ ಅರ್ಧ ಅಂಕಿಅಂಶಗಳನ್ನು ನೀವು ಬೇರೆ ಕಣ್ಣಿನಿಂದ ನೋಡುತ್ತೀರಿ.

ಎಚ್ಚರಿಕೆ: "ಹತ್ತು ಸಲದಿಂದ ಬಾರ ಬಿದ್ದಿಲ್ಲ, ಈ ಸಲ ಬಿದ್ದೇ ಬೀಳುತ್ತೆ" ಅನ್ನಬೇಡಿ. ಕವಡೆಗೆ ನೆನಪಿಲ್ಲ.

7. ಟ್ರಾಫಿಕ್ಕಿನಲ್ಲಿ ಗಾಡಿ ನಂಬರ್

ಇದು ಬಸ್ಸಿನಲ್ಲಿ ಕೂತವರಿಗೆ ಮಾತ್ರ. ಗಾಡಿ ಓಡಿಸುವವರು ದಯವಿಟ್ಟು ಮನೆಗೆ ಹೋಗಿ ಮಾಡಿ.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಯ ನಾಲ್ಕಂಕಿ ನಂಬರ್ ನೋಡಿ. 3087 ಅಂದುಕೊಳ್ಳಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ: 8730. ಚಿಕ್ಕದರಿಂದ ದೊಡ್ಡದಕ್ಕೆ: 0378. ಕಳೆಯಿರಿ: 8352. ಮತ್ತೆ ಹಾಗೇ ಮಾಡಿ: 8532ರಲ್ಲಿ 2358 ಹೋದರೆ 6174. ಇನ್ನೊಮ್ಮೆ: 7641ರಲ್ಲಿ 1467 ಹೋದರೆ ಮತ್ತೆ 6174. ಅಲ್ಲೇ ನಿಂತುಬಿಟ್ಟಿತು.

ಯಾವ ನಂಬರ್ ತೆಗೆದುಕೊಂಡರೂ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೇ, ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ಸೇರುತ್ತದೆ. 2005ಕ್ಕೆ ಪೂರ್ತಿ ಏಳು ಬೇಕು. ಇದನ್ನು 1949ರಲ್ಲಿ ಕಂಡುಹಿಡಿದವರು ನಾಸಿಕದ ಹತ್ತಿರದ ದೇವಳಾಲಿಯ ಶಾಲಾ ಮೇಷ್ಟ್ರು ಡಿ. ಆರ್. ಕಾಪ್ರೇಕರ್.

ಎಲ್ಲರೂ ತಪ್ಪುವ ಜಾಗ ಒಂದಿದೆ. 2111ರಿಂದ ಶುರು ಮಾಡಿದರೆ 2111ರಲ್ಲಿ 1112 ಹೋಗಿ 999 ಬರುತ್ತದೆ. ಅದನ್ನು 0999 ಅಂತಲೇ ಬರೆಯಬೇಕು. ಮುಂದಿನ ಸೊನ್ನೆ ಬಿಟ್ಟರೆ ಆಟ ಕೆಡುತ್ತದೆ.

ಇಲ್ಲೂ ಗೆರೆ ಎಳೆಯಬೇಡಿ. ಕಳೆದಾಗ ಬಂದ ಉತ್ತರಗಳನ್ನೆಲ್ಲ 9ರಿಂದ ಭಾಗಿಸಿ ನೋಡಿ. ಎಲ್ಲವೂ ಹೋಗುತ್ತವೆ. 8000 ಅಂದರೆ ಎಂಟು 999 ಮತ್ತು ಮೇಲೆ ಎಂಟು. 700 ಅಂದರೆ ಏಳು 99 ಮತ್ತು ಏಳು. ಹೀಗೆ ಯಾವ ಸಂಖ್ಯೆಯೂ ಒಂಬತ್ತರ ಒಂದು ಗುಡ್ಡೆ, ಮೇಲೆ ಅದರ ಅಂಕಿಗಳ ಮೊತ್ತ. 8730 ಮತ್ತು 0378 ಎರಡಕ್ಕೂ ಅಂಕಿಗಳು ಅವೇ, ಹಾಗಾಗಿ ಮೊತ್ತವೂ ಅದೇ. ಕಳೆದಾಗ ಅದು ಹೊಡೆದುಹೋಗಿ ಒಂಬತ್ತರ ಗುಡ್ಡೆ ಮಾತ್ರ ಉಳಿಯುತ್ತದೆ.

8. ಮನೆಯಲ್ಲಿ ಒಬ್ಬರಿಗೆ ಹೇಳಿ

ಇಷ್ಟು ಆದಮೇಲೆ ಯಾವುದಾದರೂ ಒಂದನ್ನು ಇನ್ನೊಬ್ಬರಿಗೆ ಹೇಳಿಕೊಡಿ. ಪೆನ್ಸಿಲ್ ಅವರ ಕೈಯಲ್ಲಿರಲಿ. ಅವರು ತಡವರಿಸಿದಾಗ ಬಾಯಿ ಹಾಕಬೇಡಿ. ಮಕ್ಕಳಾದರೆ "ನಂಗೂ ಲೆಕ್ಕ ಬರ್ತಿರ್ಲಿಲ್ಲ ಬಿಡು" ಅನ್ನುವ ಸಮಾಧಾನ ಬೇಡ. ಅದನ್ನು ಅವರು ಅನುಮತಿ ಅಂತ ತಿಳಿಯುತ್ತಾರೆ.

ವೇಗದ ಬಗ್ಗೆಯೂ ಕೇಳುತ್ತಾರೆ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಅದು ದೊಡ್ಡ ಪ್ರತಿಭೆ, ಕೈ ಮುಗಿಯೋಣ. ಆದರೆ ಗಣಿತ ಇಷ್ಟವಾಗಲು ಅದು ಬೇಕಾಗಿಲ್ಲ. ಒಂದು ರಂಗೋಲಿಗೆ ಎರಡು ವಾರ ತೆಗೆದುಕೊಂಡವರು ಹಿಂದೆ ಬಿದ್ದಿಲ್ಲ.

ಹೊರಗೆ ಹೋಗಬೇಕು ಅನ್ನಿಸಿದರೆ

ಹೆಸರಘಟ್ಟದ ಕಡೆ ಇರುವ ಐಸಿಟಿಎಸ್ ಅನ್ನುವ ವಿಜ್ಞಾನ ಸಂಶೋಧನಾ ಸಂಸ್ಥೆ "ಕಾಪಿ ವಿತ್ ಕ್ಯೂರಿಯಾಸಿಟಿ" ಅಂತ ಜನಸಾಮಾನ್ಯರಿಗೆ ಉಪನ್ಯಾಸ ನಡೆಸುತ್ತದೆ. ಟಿ. ಚೌಡಯ್ಯ ರಸ್ತೆಯ ನೆಹರು ತಾರಾಲಯದಲ್ಲೂ ಇವು ನಡೆಯುತ್ತವೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟು, ವರ್ಷಕ್ಕೊಮ್ಮೆ ಒಂದು ದಿನ ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಬಿಡುತ್ತದೆ. ಡಿಸೆಂಬರ್ 22 ಗಣಿತಜ್ಞ ರಾಮಾನುಜನ್ ಹುಟ್ಟಿದ ದಿನ, ರಾಷ್ಟ್ರೀಯ ಗಣಿತ ದಿನ. ಆ ವಾರದಲ್ಲಿ ಕಾಲೇಜುಗಳಲ್ಲಿ ಏನಾದರೂ ಇದೆಯಾ ಅಂತ ವಿಚಾರಿಸಿ.

ಉಪನ್ಯಾಸಕ್ಕೆ ಹೋದರೆ ನೋಟ್‌ಬುಕ್ ಜೊತೆಗಿರಲಿ. ಪೂರ್ತಿ ಅರ್ಥವಾಗುವುದಿಲ್ಲ, ಮೊದಲ ಹದಿನೈದು ನಿಮಿಷ ಹಿಡಿತಕ್ಕೆ ಸಿಕ್ಕರೆ ಲಾಭವೇ. ಕೊನೆಯಲ್ಲಿ ಪ್ರಶ್ನೆ ಕೇಳಲು ಮೈಕು ಬಂದಾಗ ಕನ್ನಡದಲ್ಲೇ ಕೇಳಿ. ವೇದಿಕೆಯ ಮೇಲಿರುವವರಿಗೆ ಬಾರದಿದ್ದರೂ ಸಭೆಯಲ್ಲಿ ಯಾರಾದರೊಬ್ಬರು ಎದ್ದು ಅನುವಾದ ಮಾಡಿಯಾರು.